ಕ್ಷೌರಿಕ ವೃತ್ತಿಗೆ ಬಾಳಿಕೆಯ ಕ್ಲಿಪ್ಪರ್

ದೆಹಲಿಯ ಲೋಧಿ ಕಾಲೋನಿಯು 1940ರ ದಶಕದಲ್ಲಿ ಸರ್ಕಾರಿ ನೌಕರರ ವಸತಿಗಾಗಿ ನಿರ್ಮಾಣಗೊಂಡ ಬಡಾವಣೆ. ಇಂತಹ ಬಡಾವಣೆಗಳಲ್ಲಿ ಅಂಗಡಿ ಇಟ್ಟಿರುವ ಕ್ಷೌರಿಕರಿಗಾಗಲಿ, ಮರದಡಿ ಕುರ್ಚಿ ಹಾಕುವವರಿಗಾಗಲಿ, ಕ್ಲಿಪ್ಪರ್ ಕೆಟ್ಟರೆ ಆ ದಿನದ ಸಂಪಾದನೆಯೇ ನಿಂತಂತೆ. ಆದುದರಿಂದ ಬೆಲೆಗಿಂತ ಮೊದಲು ಬಾಳಿಕೆಯನ್ನು ಪರಿಶೀಲಿಸುವುದು ಅವಶ್ಯಕ.

ವಿದ್ಯುತ್ ಸಂಪರ್ಕವಿರುವ ಅಂಗಡಿಗೆ ತಂತಿಯುಳ್ಳ ಕ್ಲಿಪ್ಪರ್ ಸೂಕ್ತ. ಅದರ ಮೇಲೆ 230 ವೋಲ್ಟ್, 50 ಹರ್ಟ್ಸ್ ಎಂದು ನಮೂದಾಗಿರಬೇಕು. ವಿದ್ಯುತ್ಕಾಂತದಿಂದ ಕಂಪಿಸುವ ಮಾದರಿಗಳ ವೇಗವು ವಿದ್ಯುತ್ತಿನ ಆವರ್ತನವನ್ನು ಅವಲಂಬಿಸಿರುತ್ತದೆ. ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ ಯಂತ್ರವು, ವೋಲ್ಟೇಜನ್ನು ಪರಿವರ್ತಕದಿಂದ ಇಳಿಸಿದರೂ, ಇಲ್ಲಿ ಮಂದವಾಗಿ ನಡೆಯುತ್ತದೆ. ಮರದಡಿಯ ಕೆಲಸಕ್ಕೆ ಬ್ಯಾಟರಿ ಕ್ಲಿಪ್ಪರ್ ಬೇಕು. ಬದಲಿ ಬ್ಯಾಟರಿ ಮತ್ತು ಅಲಗು ದೊರೆಯುವ ಮಾದರಿಯನ್ನೇ ಆರಿಸಬೇಕು.

ಪ್ರತಿ ಗಿರಾಕಿಯ ನಂತರ ಕೂದಲನ್ನು ಕುಂಚದಿಂದ ತೆಗೆದು, ಅಲಗನ್ನು ಸೋಂಕುರಹಿತಗೊಳಿಸಬೇಕು. ಬಳಿಕ ಕ್ಲಿಪ್ಪರ್ ಎಣ್ಣೆಯನ್ನು ಒಂದೆರಡು ಹನಿ ಬಿಡಬೇಕು. ತೆಂಗಿನೆಣ್ಣೆ ಸಲ್ಲದು, ದೆಹಲಿಯ ಚಳಿಗೆ ಅದು ಹೆಪ್ಪುಗಟ್ಟಿ ಅಲಗಿನ ಚಲನೆಯನ್ನು ತಡೆಯುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕ್ಷೌರಿಕ ವೃತ್ತಿಯೂ ಒಂದು. ಅದರಡಿ ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ಪ್ರೋತ್ಸಾಹಧನವನ್ನು ನಿಗದಿಪಡಿಸಲಾಗಿದೆ. ಸರಿಯಾಗಿ ಆರಿಸಿದ ಉಪಕರಣವು ಈ ನೆರವನ್ನು ಸಾರ್ಥಕಗೊಳಿಸುತ್ತದೆ.