ಹಿರಿಯರ ಜಗಲಿಗೊಂದು ಪುಟ್ಟ ಆಲದ ಮರ



ಈ ಪತ್ರಿಕೆಯಲ್ಲಿ ಭತ್ತ, ತೆಂಗು, ಗೊಬ್ಬರಗಳ ವಿಚಾರವನ್ನು ಓದುವುದು ನಿಮಗೆ ರೂಢಿ. ಈ ಸಲದ ಪಾಠ ಇಳುವರಿ ಕೊಡದ ಒಂದು ಮರವನ್ನು ಕುರಿತದ್ದು. ಇಳುವರಿ ಇಲ್ಲದ ಮೇಲೆ ನಮಗೇಕೆ ಎಂದು ಪುಟ ತಿರುವಬೇಡಿ. ಕೆಲಸವಿಲ್ಲದೆ ಜಗಲಿಯ ಮೇಲೆ ಕುಳಿತಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅಥವಾ ಆ ಹಿರಿಯರು ನೀವೇ ಆಗಿದ್ದರೆ, ಇದು ನಿಮಗಾಗಿಯೇ ಬರೆದುದು.

ಸದಾಶಿವಗಡದಲ್ಲಿ ಎಪ್ಪತ್ತು ದಾಟಿದ ರೈತರೊಬ್ಬರಿದ್ದಾರೆ. ಮೊಣಕಾಲು ಸೋತ ಮೇಲೆ ಗದ್ದೆಯನ್ನು ಮಗನಿಗೆ ಒಪ್ಪಿಸಿದರು. ಗದ್ದೆ ಬಿಟ್ಟರೂ ಗದ್ದೆಯ ಯೋಚನೆ ಅವರನ್ನು ಬಿಡಲಿಲ್ಲ. ಜಗಲಿಯಲ್ಲಿ ಕುಳಿತು ಮಗನ ಪ್ರತಿ ಕೆಲಸದಲ್ಲೂ ತಪ್ಪು ಹುಡುಕುವರು. ಮಾತಿಗೆ ಮಾತು ಬೆಳೆದು ಎಷ್ಟೋ ದಿನ ಊಟದ ಹೊತ್ತಿಗೆ ಮನೆ ಮೌನವಾಗಿರುತ್ತಿತ್ತು. "ಕಾಲು ಕೇಳುವುದಿಲ್ಲ, ಕೈ ಸುಮ್ಮನಿರುವುದಿಲ್ಲ, ಏನು ಮಾಡಲಿ?" ಎಂದು ಅವರು ನನ್ನನ್ನು ಕೇಳಿದ್ದುಂಟು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಅವರ ಬಾವಿಯ ಕಟ್ಟೆಯಲ್ಲಿ. ನಮ್ಮ ಕಡೆಯ ಚಿರೆಕಲ್ಲಿನ ಗೋಡೆ, ಬಾವಿಗಳ ಸಂದಿನಲ್ಲಿ ಆಲ, ಅರಳಿ, ಅತ್ತಿಯ ಸಸಿಗಳು ಹುಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ಹಕ್ಕಿಗಳು ಹಣ್ಣು ತಿಂದು ಹಿಕ್ಕೆಯೊಡನೆ ಬೀಜ ಬೀಳಿಸುತ್ತವೆ. ಬೇರು ಬಲಿತರೆ ಕಲ್ಲು ಸಡಿಲಾಗಿ ಕಟ್ಟೆ ಬಿರುಕು ಬಿಡುತ್ತದೆ. ಅಂತಹ ಒಂದು ಆಲದ ಸಸಿಯನ್ನು ನಾಲ್ಕು ಮಳೆಗಾಲದ ಹಿಂದೆ ಉಳಿಯಿಂದ ಬಿಡಿಸಿ ತೆಗೆದೆವು. ಎಸೆಯುವ ಬದಲು ಕುಂಡದಲ್ಲಿಟ್ಟು, "ಇದನ್ನು ನೀವು ನೋಡಿಕೊಳ್ಳಿ" ಎಂದು ಆ ಹಿರಿಯರ ಕೈಗೆ ಕೊಟ್ಟೆ. ಇಂದು ಅದು ಮೊಳದುದ್ದದ ಮುದಿ ಆಲದಂತೆ ಅವರ ಜಗಲಿಯ ಅಂಚಿನಲ್ಲಿದೆ.

ಬೋನ್ಸಾಯ್ ಎಂದರೇನು?

ಆಳವಿಲ್ಲದ ಕುಂಡದಲ್ಲಿ ಮರವನ್ನು ಚಿಕ್ಕದಾಗಿಯೇ ಇಟ್ಟು ಬೆಳೆಸುವ ಕಲೆಗೆ ಜಪಾನಿನವರು ಬೋನ್ಸಾಯ್ ಎನ್ನುತ್ತಾರೆ. ತಟ್ಟೆಯಲ್ಲಿ ನೆಟ್ಟದ್ದು ಎಂದು ಆ ಮಾತಿನ ಅರ್ಥ. ಮೂಲದಲ್ಲಿ ಇದು ಚೀನಾದಿಂದ ಜಪಾನಿಗೆ ಹೋದ ವಿದ್ಯೆ. ಇದಕ್ಕೆಂದು ಬೇರೆ ಬೀಜವಿಲ್ಲ. ಹೊಲದ ಬದುವಿನ ಆಲವೂ ಇದೂ ಒಂದೇ ಜಾತಿ. ಬೇರಿಗೆ ಜಾಗ ಕಡಿಮೆ ಮಾಡಿ, ಚಿಗುರನ್ನು ಆಗಾಗ ಚಿವುಟುವುದರಿಂದ ಮರ ಗಿಡ್ಡವಾಗಿ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ ಇದನ್ನು ಕಾಣಬೇಕೆನ್ನುವವರು ಮೈಸೂರಿನ ಅವಧೂತ ದತ್ತ ಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟವನ್ನು ನೋಡಬಹುದು.

ಮರವನ್ನು ಹೀಗೆ ಕತ್ತರಿಸುವುದು ಹಿಂಸೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಮಲ್ಲಿಗೆಯನ್ನೂ ದಾಸವಾಳದ ಬೇಲಿಯನ್ನೂ ನಾವು ಸವರುತ್ತೇವಲ್ಲವೇ? ನೀರು, ಗೊಬ್ಬರ ಕೊಡದೆ ಸೊರಗಿಸಿದರೆ ಅದು ತಪ್ಪು. ಬೋನ್ಸಾಯ್ ಸೊರಗಿದ ಗಿಡವಲ್ಲ. ಹಸುರು ತುಂಬಿದ ಆರೋಗ್ಯವಂತ ಮರ.

ಬೆಳೆಸುವ ಕ್ರಮ

೧. ಗಿಡದ ಆಯ್ಕೆ: ಕಲಿಯುವವರಿಗೆ ಆಲ ಅಥವಾ ಅತ್ತಿ ಉತ್ತಮ, ತಪ್ಪಾದರೂ ಬೇಗ ಚೇತರಿಸಿಕೊಳ್ಳುತ್ತವೆ. ಕೈ ಪಳಗಿದ ಮೇಲೆ ಹುಣಸೆಯನ್ನು ಹಿಡಿಯಬಹುದು. ನಿಮ್ಮ ಸ್ವಂತ ಗೋಡೆ, ಬಾವಿಗಳಿಂದ ಮಾತ್ರ ಸಸಿ ತೆಗೆಯಿರಿ. ಸೋದೆಯ ಅರಸರು ಕಟ್ಟಿಸಿದ ನಮ್ಮ ಗುಡ್ಡದ ಕೋಟೆಯ ಗೋಡೆಗೆ ಉಳಿ ಹಾಕುವುದಾಗಲಿ, ಕಾಡಿನಿಂದ ಗಿಡ ಕೀಳುವುದಾಗಲಿ ಸಲ್ಲದು. ಬಾವಿಯ ಕೆಲಸಕ್ಕೆ ವಯಸ್ಸಾದವರು ಇಳಿಯದೆ ಮನೆಯ ಹುಡುಗರಿಗೆ ಹೇಳಬೇಕು.

೨. ಕಾಲ: ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಸಸಿ ತೆಗೆಯತಕ್ಕದ್ದು. ಎಳೆದು ಕೀಳಬೇಡಿ, ಸಣ್ಣ ಬೇರುಗಳು ಉಳಿಯುವಂತೆ ಬಿಡಿಸಿರಿ. ದಪ್ಪ ತಾಯಿಬೇರನ್ನು ಮೋಟಾಗಿ ಕತ್ತರಿಸಿ, ಎಲೆಗಳಲ್ಲಿ ಅರ್ಧದಷ್ಟನ್ನು ತೆಗೆದುಹಾಕಿರಿ. ಆಲದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಂಡು, ಕೆಲಸ ಮುಗಿದ ಕೂಡಲೆ ಕೈ ತೊಳೆಯಿರಿ.

೩. ಮಣ್ಣು: ಕೆಂಪುಮಣ್ಣು ಒಂದು ಪಾಲು, ದಪ್ಪ ಮರಳು ಮತ್ತು ಹಳೆಯ ಹೆಂಚಿನ ಚೂರು ಸೇರಿ ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಹೆಂಚನ್ನು ತೊಗರಿಬೇಳೆಯ ಗಾತ್ರಕ್ಕೆ ಕುಟ್ಟಿ, ಧೂಳನ್ನು ಜರಡಿ ಹಿಡಿದು ತೆಗೆಯಬೇಕು. ಸಮುದ್ರ ದಂಡೆಯ ಮರಳು ಬೇಡ. ಕಾಳಿಯ ಅಳಿವೆಯ ಹತ್ತಿರದ ಮರಳಿನಲ್ಲೂ ಉಪ್ಪಿರುವುದರಿಂದ ಸಿಹಿನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು. ಗಜನಿ ಗದ್ದೆಯ ಬೇಸಾಯ ಬಲ್ಲ ನಿಮಗೆ ಉಪ್ಪಿನ ಕಾಟವನ್ನು ಹೊಸದಾಗಿ ಹೇಳಬೇಕಾಗಿಲ್ಲ.

೪. ಕುಂಡ: ಮೊದಲ ವರ್ಷ ಸಾಧಾರಣ ಮಣ್ಣಿನ ಕುಂಡದಲ್ಲಿ ಬೆಳೆಯಲಿ. ಬೇರು ಹಿಡಿದ ಮೇಲೆ ಮೂರು ನಾಲ್ಕು ಅಂಗುಲ ಆಳದ ಅಗಲ ಕುಂಡಕ್ಕೆ ಬದಲಾಯಿಸಿ, ಗಾಳಿಗೆ ಅಲುಗಾಡದಂತೆ ಕಟ್ಟಿರಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ನಾನು ಮೊದಲು ನೆಟ್ಟ ಗಿಡಕ್ಕೆ ತೂತಿಲ್ಲದ ಚಂದದ ತಟ್ಟೆ ಹುಡುಕಿದ್ದೆ. ಜುಲೈ ಮಳೆಗೆ ಬೇರು ಕೊಳೆತು ಗಿಡ ಸತ್ತಿತು. ಡಿಪ್ಲೊಮಾ ಓದಿದವನಿಗೆ ಇದೂ ಒಂದು ಪಾಠವಾಯಿತು.

೫. ನೀರು, ಬಿಸಿಲು: ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ನೀರು ಹಾಕಿರಿ. ಮಿಕ್ಕ ಕಾಲದಲ್ಲಿ ಮೇಲ್ಮಣ್ಣನ್ನು ಬೆರಳಿನಿಂದ ಮುಟ್ಟಿ, ಒಣಗಿದ್ದರೆ ಮಾತ್ರ ಹಾಕಿರಿ. ಜಡಿಮಳೆಯಲ್ಲಿ ಕುಂಡದ ಒಂದು ಬದಿಗೆ ಕಲ್ಲುಚೂರು ಕೊಟ್ಟು ಓರೆಯಾಗಿಟ್ಟರೆ ನೀರು ಬಸಿದು ಹೋಗುತ್ತದೆ. ಸೂರಿನ ಧಾರೆ ಬೀಳುವಲ್ಲಿ ಇಡಬೇಡಿ, ಮಣ್ಣೆಲ್ಲ ಕೊಚ್ಚಿಹೋದೀತು.

೬. ಸವರುವುದು: ರೆಂಬೆಯಲ್ಲಿ ಆರೆಂಟು ಎಲೆ ಬಂದ ಮೇಲೆ ಎರಡು ಮೂರು ಎಲೆ ಉಳಿಸಿ ತುದಿಯನ್ನು ಕತ್ತರಿಸಿರಿ. ರೆಂಬೆ ಬಾಗಿಸಲು ಮೆತ್ತನೆಯ ಅಲ್ಯೂಮಿನಿಯಂ ತಂತಿ ಸುತ್ತಬಹುದು. ಮಳೆಗಾಲದಲ್ಲಿ ಆಲ ಬೇಗ ದಪ್ಪವಾಗುವುದರಿಂದ ತಂತಿ ತೊಗಟೆಗೆ ಕಚ್ಚುವ ಮುನ್ನ ಬಿಚ್ಚಬೇಕು. ಎರಡು ವರ್ಷಕ್ಕೊಮ್ಮೆ ಮಳೆಯ ಆರಂಭದಲ್ಲಿ ಗಿಡವನ್ನು ಎತ್ತಿ, ಬೇರಿನ ಮೂರನೆಯ ಒಂದು ಭಾಗವನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು. ಚಿಗುರುವ ಕಾಲದಲ್ಲಿ ತಿಂಗಳಿಗೊಮ್ಮೆ ಶೇಂಗಾ ಹಿಂಡಿ ನೆನೆಸಿದ ತಿಳಿನೀರು ಸಾಕು.

ಇಷ್ಟು ವಯಸ್ಸಾದ ಮೇಲೆ ಏಕೆ?

"ಈ ಮರ ಮುದಿಯಾಗುವ ಹೊತ್ತಿಗೆ ನಾನಿರಬೇಕಲ್ಲ!" ಎಂದು ನಮ್ಮ ಹಿರಿಯರು ಮೊದಲ ದಿನವೇ ನಕ್ಕರು. ಆಗ ನಾನು ಹೇಳಿದ ಸಂಗತಿಯನ್ನು ಇಲ್ಲಿಯೂ ಹೇಳುತ್ತೇನೆ. ಜಪಾನಿನ ಹಿರೋಶಿಮಾದಲ್ಲಿ ಯಮಾಕಿ ಎಂಬ ಮನೆತನದವರ ಬಳಿ ೧೬೨೫ರಿಂದ ಬೆಳೆದು ಬಂದ ಒಂದು ಪೈನ್ ಬೋನ್ಸಾಯ್ ಇತ್ತು. ೧೯೪೫ರ ಆಗಸ್ಟ್ ೬ರಂದು ಆ ಊರಿನ ಮೇಲೆ ಅಣುಬಾಂಬು ಬಿತ್ತು. ಸ್ಫೋಟದ ಸ್ಥಳದಿಂದ ಸುಮಾರು ೩ ಕಿಲೋಮೀಟರು ದೂರದಲ್ಲಿದ್ದ ಆ ಮನೆಯ ಎತ್ತರದ ಗೋಡೆಯ ಮರೆಯಲ್ಲಿ ಮರ ಉಳಿಯಿತು. ೧೯೭೬ರಲ್ಲಿ ಆ ಮನೆತನದ ಮಸಾರು ಯಮಾಕಿ ಅವರು ಅದನ್ನು ಬಾಂಬು ಹಾಕಿದ ದೇಶವಾದ ಅಮೆರಿಕಕ್ಕೇ ಕಾಣಿಕೆಯಾಗಿ ಕೊಟ್ಟರು. ವಾಷಿಂಗ್ಟನ್ನಿನಲ್ಲಿ ಅದು ಇಂದಿಗೂ ಹಸುರಾಗಿದೆ. ಅದಕ್ಕೆ ಮೊದಲು ನೀರೆರೆದವರು ಯಾರೂ ಅದರ ಮುಪ್ಪನ್ನು ಕಾಣಲಿಲ್ಲ. ತಮ್ಮ ಪಾಲಿನ ದಿನಗಳಲ್ಲಿ ನೋಡಿಕೊಂಡು ಮುಂದಿನವರ ಕೈಗಿತ್ತರು. ನಿಮ್ಮ ತೆಂಗಿನ ತೋಟವೂ ಹಾಗೆಯೇ ನಿಮ್ಮ ಕೈಗೆ ಬಂದುದಲ್ಲವೇ?

ಜೀವಮಾನವೆಲ್ಲ ಫಸಲಿಗಾಗಿ ದುಡಿದವರಿಗೆ, ಫಸಲಿನ ಚಿಂತೆಯಿಲ್ಲದೆ ಒಂದು ಗಿಡವನ್ನು ನೋಡಿಕೊಳ್ಳುವ ಸುಖ ಹೊಸದು. ಮಳೆ ತಪ್ಪಿದರೂ ಸಾಲವಾಗುವುದಿಲ್ಲ, ಬೆಲೆ ಬಿದ್ದರೂ ನಷ್ಟವಿಲ್ಲ. ಆದರೆ ಮಣ್ಣಿನ ಹದ, ಗಾಳಿಯ ದಿಕ್ಕು, ಹುಳುವಿನ ಸುಳಿವು ಮೊದಲಾಗಿ ಕೈ ಕಲಿತುದೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಳೆಬಿಸಿಲಿನಲ್ಲಿ ಕುಳಿತು, ಚಹಾ ಆರುವ ಮುನ್ನ ಹೊಸ ಎಲೆ ಎಷ್ಟು ಬಂತೆಂದು ಎಣಿಸುವುದು ಸಣ್ಣ ಸಂತೋಷವೇ ಸರಿ. ಅದಕ್ಕೆ ಕಾಸು ಬೇಡ, ಗಟ್ಟಿ ಮೊಣಕಾಲೂ ಬೇಡ.

ಸದಾಶಿವಗಡದ ಆ ಮನೆಯಲ್ಲಿ ಮಾತುಕತೆ ಪೂರ್ತಿ ನಿಂತಿದೆಯೆಂದು ನಾನು ಹೇಳಲಾರೆ. ಹಿರಿಯರು ಈಗಲೂ ಸಸಿ ಮಡಿಯ ತಪ್ಪು ಎತ್ತಿ ತೋರಿಸುತ್ತಾರೆ. ಆದರೆ ಕಳೆದ ಜೂನಿನಲ್ಲಿ ಆಲದ ಮಣ್ಣು ಬದಲಾಯಿಸುವಾಗ ಮರಳು ತೊಳೆದು ತಂದವನು ಮಗನೇ. ಬೇರನ್ನು ಎಲ್ಲಿ ಕತ್ತರಿಸಬೇಕೆಂದು ತಂದೆ ಬೆರಳಿನಿಂದ ತೋರಿಸಿದರು, ಮಗ ಕತ್ತರಿಸಿದನು. ಮೊಮ್ಮಗಳು ನೀರು ಹಾಕಿದಳು.

ಆದುದರಿಂದ ಬಾಂಧವರೇ, ಬರುವ ಮಳೆಗಾಲಕ್ಕೆ ಮುನ್ನ ನಿಮ್ಮ ಬಾವಿಕಟ್ಟೆಯನ್ನು ಒಮ್ಮೆ ನೋಡಿ ಬನ್ನಿ. ಸಂದಿನಲ್ಲಿ ಆಲದ ಸಸಿಯಿದ್ದರೆ ಹೇಗೂ ತೆಗೆಯಲೇಬೇಕು. ತೆಗೆದದ್ದನ್ನು ಬೇಲಿಯಾಚೆ ಎಸೆಯಬೇಡಿ. ತೂತಿರುವ ಒಂದು ಕುಂಡದಲ್ಲಿ ನೆಟ್ಟು ಮನೆಯ ಹಿರಿಯರ ಮುಂದೆ ಇಡಿರಿ.