ತಿಪ್ಪೆಗುಂಡಿಯೂ ಬೇಸಗೆಯ ಬಿಸಿಲೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳು ಮಲೆನಾಡಿಗೂ ಬಯಲುಸೀಮೆಗೂ ನಡುವೆ ಹಬ್ಬಿರುವ ನೆಲ. ಮೊದಲು ಧಾರವಾಡ ಜಿಲ್ಲೆಯಲ್ಲಿದ್ದ ಈ ತಾಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿದವು. ಪಶ್ಚಿಮದ ಹಾನಗಲ್ಲಿನಲ್ಲಿ ಕೆರೆಗಳು, ಭತ್ತದ ಗದ್ದೆಗಳು, ಮಾವಿನ ತೋಪುಗಳು ಹೆಚ್ಚು. ಅಲ್ಲಿಂದ ಪೂರ್ವಕ್ಕೆ ಸವಣೂರಿನ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಎರೆಯ ಹೊಲಗಳು ಕಣ್ಣು ಹಾಯುವಷ್ಟು ದೂರ ಹರಡಿಕೊಳ್ಳುತ್ತವೆ. ಹಿರೇಕೆರೂರಿನ ಕಡೆ ಗೋವಿನಜೋಳ ಮತ್ತು ಹತ್ತಿಯ ಬೆಳೆ ವಿಶೇಷ. ಮಣ್ಣು ಯಾವುದಾದರೂ ಇರಲಿ, ಬೆಳೆ ಯಾವುದಾದರೂ ಇರಲಿ, ಈ ಸೀಮೆಯ ಒಕ್ಕಲುಮನೆಗಳ ಹಿತ್ತಲಲ್ಲಿ ಒಂದು ತಿಪ್ಪೆ ಇದ್ದೇ ಇರುತ್ತದೆ.

ತಿಪ್ಪೆಯನ್ನು ಹೊಲಸಿನ ಗುಡ್ಡೆಯೆಂದು ನಮ್ಮ ಹಿರಿಯರು ಎಣಿಸಲಿಲ್ಲ. ದೀಪಾವಳಿಯ ಪಾಡ್ಯದಂದು ಸಗಣಿಯಿಂದ ಪಾಂಡವರನ್ನು ಮಾಡಿ, ಹೂವು ಮುಡಿಸಿ, ಬಾಗಿಲಲ್ಲಿ ಕೂರಿಸಿ ಪೂಜಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. ಹೊಲದ ಬೆಳೆ ಕೊಟ್ಟಿಗೆಯ ಸಗಣಿಯಿಂದಲೇ ಬರುತ್ತದೆಂಬ ಅರಿವು ಆ ಪೂಜೆಯ ಹಿಂದೆ ಇದೆ. ಆದರೆ ಪೂಜೆಗೆ ತೋರುವ ಶ್ರದ್ಧೆಯನ್ನು ನಾವು ತಿಪ್ಪೆ ಹಾಕುವ ರೀತಿಯಲ್ಲಿ ತೋರುವುದಿಲ್ಲ. ಕಸ, ಸಗಣಿ, ಬೂದಿ ಎಲ್ಲವನ್ನೂ ಒಂದು ಮೂಲೆಯಲ್ಲಿ ಸುರಿದು ಕೈ ತೊಳೆದುಕೊಳ್ಳುತ್ತೇವೆ. ಹೀಗೆ ತೆರೆದಿಟ್ಟ ತಿಪ್ಪೆಯನ್ನು ಬೇಸಗೆಯ ಬಿಸಿಲು ಒಣಗಿಸುತ್ತದೆ. ಅದರಲ್ಲಿರುವ ಸಾರಜನಕದ ಒಂದು ಭಾಗ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ತಿಪ್ಪೆಯ ಬಳಿ ಮೂಗಿಗೆ ಬಡಿಯುವ ಘಾಟು ಇದೇ. ಉಳಿದ ಸಾರವನ್ನು ಮಳೆಯ ನೀರು ತೊಳೆದು ಚರಂಡಿಗೆ ಒಯ್ಯುತ್ತದೆ. ಕೊನೆಗೆ ರೈತನು ಚಕ್ಕಡಿಯಲ್ಲಿ ತುಂಬಿ ಹೊಲಕ್ಕೆ ಸಾಗಿಸುವುದು ಗೊಬ್ಬರದ ಸಿಪ್ಪೆ ಮಾತ್ರ.

ಕಸವು ಗೊಬ್ಬರವಾಗುವುದು ಕಣ್ಣಿಗೆ ಕಾಣದ ಜೀವಾಣುಗಳ ದುಡಿಮೆಯಿಂದ. ಅವುಗಳಿಗೂ ಆಹಾರ, ನೀರು, ಗಾಳಿ ಬೇಕು. ಒಣ ಹುಲ್ಲು, ಕಣಿಕೆ, ತರಗೆಲೆಗಳಲ್ಲಿ ಇಂಗಾಲ ಹೆಚ್ಚು. ಸಗಣಿ, ಹಸಿರೆಲೆ, ಕಾಯಿಪಲ್ಲೆಯ ಸಿಪ್ಪೆಗಳಲ್ಲಿ ಸಾರಜನಕ ಹೆಚ್ಚು. ಒಟ್ಟು ರಾಶಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 30 ಪಾಲು ಇದ್ದರೆ ಕಳಿಯುವ ಕ್ರಿಯೆ ಚೆನ್ನಾಗಿ ಸಾಗುತ್ತದೆ. ಇದನ್ನು ಅಳೆಯಲು ತಕ್ಕಡಿ ಬೇಡ. ಒಣಕಸದ ಮೇಲೆ ಹಸಿಕಸ, ಹಸಿಕಸದ ಮೇಲೆ ಒಣಕಸ ಎಂದು ಪದರ ಹಾಕುತ್ತ ಹೋದರೆ ಸಾಕು. ತೇವದ ಪರೀಕ್ಷೆಯೂ ಸುಲಭ. ಒಂದು ಹಿಡಿ ಕಸವನ್ನು ತೆಗೆದು ಹಿಂಡಿದಾಗ ಒಂದೆರಡು ಹನಿ ಜಿನುಗಬೇಕು. ಧಾರೆಯಾಗಿ ಇಳಿದರೆ ನೀರು ಅತಿಯಾಯಿತು, ಕೈ ಒಣಗಿಯೇ ಉಳಿದರೆ ನೀರು ಸಾಲದು. ಜೀವಾಣುಗಳ ದುಡಿಮೆ ಭರದಿಂದ ನಡೆಯುವಾಗ ರಾಶಿಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹುಟ್ಟುತ್ತದೆ. ಒಂದು ಕಬ್ಬಿಣದ ಸಲಾಕೆಯನ್ನು ಒಳಗೆ ತೂರಿಸಿ ಸ್ವಲ್ಪ ಹೊತ್ತಿನ ಮೇಲೆ ಹೊರಗೆಳೆದರೆ ಅದನ್ನು ಬರಿಗೈಯಲ್ಲಿ ಹಿಡಿಯುವುದು ಕಷ್ಟ. ಆ ಕಾವಿನಲ್ಲಿ ನೊಣದ ಮರಿಗಳು, ಅನೇಕ ಕಳೆಬೀಜಗಳು ಮತ್ತು ರೋಗಾಣುಗಳು ನಾಶವಾಗುತ್ತವೆ.

ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಇಬ್ಬರ ಕೆಲಸವನ್ನು ಇಲ್ಲಿ ಹೇಳಬೇಕು. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು, ಯಶವಂತ ವಾಡ್ ಅವರ ಸಹಕಾರದಿಂದ ಒಂದು ಕ್ರಮವನ್ನು ರೂಪಿಸಿದರು. ಏಷ್ಯದ ರೈತರ ಅನುಭವವನ್ನು ಅವರು ಗೌರವದಿಂದ ಕಂಡವರು. ಇಂದೂರು ಕ್ರಮದಲ್ಲಿ ರಾಶಿಯನ್ನು ಮೂರು ಸಲ ತಿರುವಿ ಹಾಕಿ ಗಾಳಿಯಾಡಿಸಬೇಕು, ಆಗಾಗ ನೀರುಣಿಸಬೇಕು. ಹೀಗೆ ಮಾಡಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಎರಡನೆಯದು ನಮ್ಮ ನಾಡಿನಲ್ಲಿಯೇ ಹುಟ್ಟಿದ ಕ್ರಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಇದನ್ನು ಬೆಂಗಳೂರು ಕ್ರಮವೆಂದೇ ಕರೆಯುತ್ತಾರೆ. ಇದರಲ್ಲಿ ಗುಂಡಿಯನ್ನು ಪದರ ಪದರವಾಗಿ ತುಂಬಿ, ಮೇಲೆ ಕೆಸರುಮಣ್ಣಿನಿಂದ ಮೆತ್ತಿ ಮುಚ್ಚಿಬಿಡುವರು. ತಿರುವಿ ಹಾಕುವ ಕೆಲಸವಿಲ್ಲ. ಪದೇ ಪದೇ ನೀರು ಹಾಕುವ ಕೆಲಸವೂ ಇಲ್ಲ. ಕಾಲ ಮಾತ್ರ ಹೆಚ್ಚು ಬೇಕು: ಆರರಿಂದ ಎಂಟು ತಿಂಗಳು. ಸಾರಜನಕದ ನಷ್ಟ ಕಡಿಮೆ.

ಯಾವುದು ಮೇಲು ಎಂದು ಕೇಳಿದರೆ, ಪುಸ್ತಕದ ಲೆಕ್ಕದಲ್ಲಿ ಇಂದೂರು ಕ್ರಮ ಬೇಗನೆ ಫಲ ಕೊಡುವಂಥದು. ಆದರೆ ಗುಂಡಿಯ ಜೊತೆಗೆ ಗುಂಡಿಯ ಬಳಿ ನಿಲ್ಲುವ ಮನುಷ್ಯನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂಗಾರಿಗೆ ಗೊಬ್ಬರ ಬೇಕೆಂದು ಫೆಬ್ರುವರಿಯ ಕೊನೆಗೆ ರಾಶಿ ಹಾಕಿದರೆ, ಅದನ್ನು ತಿರುವಿ ಹಾಕುವ ಸರದಿ ಮಾರ್ಚ್, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಅಂದರೆ ಬಿಸಿಲು ನೆತ್ತಿ ಸುಡುವ ಕಾಲದಲ್ಲಿಯೇ ಬರುತ್ತದೆ. ಬಾವಿ ಕೆರೆಗಳು ಬತ್ತುವುದೂ ಆಗಲೇ. ಸಗಣಿ ಬಳಿಯುವುದು, ಬುಟ್ಟಿ ಹೊರುವುದು ಬಹುತೇಕ ಮನೆಗಳಲ್ಲಿ ಹೆಣ್ಣುಮಕ್ಕಳ ಪಾಲಿನ ಕೆಲಸ. ಅಡಿಗೆಯ ಒಲೆಯ ಮುಂದಿನಿಂದ ಎದ್ದು ಬಂದವರು ನೇರವಾಗಿ ಬಿಸಿಲಿಗೆ ಇಳಿಯುತ್ತಾರೆ. ಬೆಂಗಳೂರು ಕ್ರಮದಲ್ಲಾದರೋ ಸುಗ್ಗಿಯ ನಂತರ, ನವೆಂಬರಿನ ತಂಪಿನಲ್ಲಿ ಗುಂಡಿ ತುಂಬಿ ಮುಚ್ಚಿದರೆ ಮೇ ತಿಂಗಳ ಕೊನೆಗೆ, ಬಿತ್ತನೆಗೆ ಸರಿಯಾಗಿ, ಗೊಬ್ಬರ ಕೈಗೆ ಬರುತ್ತದೆ. ಬೇಸಗೆಯುದ್ದಕ್ಕೂ ದುಡಿಯುವುದು ಗುಂಡಿ; ಮನುಷ್ಯನಲ್ಲ. ಈ ನಾಲ್ಕು ತಾಲೂಕುಗಳ ಹಿತ್ತಲಿಗೆ ಇದೇ ಒಪ್ಪುವ ಕ್ರಮವೆಂದು ಹೇಳಲು ಇಷ್ಟು ಕಾರಣ ಸಾಕು.

ಮನೆಯ ಬಳಕೆಗೆ ಒಂದು ಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ಸಾಕಾಗುತ್ತದೆ. ಮಳೆನೀರು ನುಗ್ಗದ ಎತ್ತರದ ಜಾಗವನ್ನೂ, ಮರದ ನೆರಳನ್ನೂ ಆರಿಸಿಕೊಳ್ಳಬೇಕು. ಕುಡಿಯುವ ನೀರಿನ ಬಾವಿಯಿಂದ ದೂರವಿರಬೇಕು. ಗೋವಿನಜೋಳದ ದಂಟು, ಹತ್ತಿಯ ಕಟ್ಟಿಗೆ ಗಡುಸಾಗಿರುವುದರಿಂದ ಅವನ್ನು ಕತ್ತರಿಸಿ ಒಂದು ರಾತ್ರಿ ನೀರಿನಲ್ಲಿ ನೆನೆಸಬೇಕು, ಇಲ್ಲವೆ ದನಗಳ ಕಾಲಡಿಯಲ್ಲಿ ಹಾಸಿ ತುಳಿಸಬೇಕು. ಮೊದಲು ಅರ್ಧ ಅಡಿ ಕಸ, ಅದರ ಮೇಲೆ ಎರಡು ಅಂಗುಲ ಸಗಣಿಯ ರಾಡಿ, ಅದರ ಮೇಲೆ ತೆಳ್ಳಗೆ ಮಣ್ಣು; ಹೀಗೆಯೇ ನೆಲಮಟ್ಟಕ್ಕಿಂತ ಒಂದು ಅಡಿ ಮೇಲೆ ಬರುವವರೆಗೆ ತುಂಬಿ, ಕೆಸರಿನಿಂದ ಮೆತ್ತಬೇಕು. ಹಾನಗಲ್ಲಿನ ಕಡೆಯವರಿಗೆ ಕೆರೆಯ ಗೋಡುಮಣ್ಣು ಸಿಗುತ್ತದೆ. ಮಣ್ಣಿನ ಪದರಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ದಿನನಿತ್ಯದ ಅಡಿಗೆಮನೆಯ ಕಸಕ್ಕಾಗಿ ಪಕ್ಕದಲ್ಲಿ ಇನ್ನೊಂದು ಗುಂಡಿ ಇದ್ದರೆ ಅನುಕೂಲ. ಹಿತ್ತಲಿಲ್ಲದ ಪೇಟೆಯ ಮನೆಯವರು ತಳದಲ್ಲಿಯೂ ಪಕ್ಕದಲ್ಲಿಯೂ ತೂತು ಕೊರೆದ ಹಳೆಯ ಮಣ್ಣಿನ ಹರವಿಯಲ್ಲಿ ಸಿಪ್ಪೆ ಮತ್ತು ತರಗೆಲೆಗಳನ್ನು ಪದರ ಹಾಕಿ ಗೊಬ್ಬರ ಮಾಡಿಕೊಳ್ಳಬಹುದು. ಪ್ಲಾಸ್ಟಿಕ್, ಗಾಜು, ಹಳೆಯ ಬ್ಲೇಡು, ಮಾಂಸದ ತುಣುಕು ಗುಂಡಿಗೆ ಬೀಳಕೂಡದು. ಜನರು ಕಾಂಗ್ರೆಸ್ ಕಸವೆಂದು ಕರೆಯುವ ಪಾರ್ಥೇನಿಯಂ ಗಿಡವನ್ನು ಹೂವಾಡುವ ಮೊದಲೇ ಕಿತ್ತು ಹಾಕಿದರೆ ಅದೂ ಗೊಬ್ಬರವೇ. ಆದರೆ ಬರಿಗೈಯಿಂದ ಕಿತ್ತರೆ ಕೆಲವರಿಗೆ ಮೈ ತುರಿಸಿ ದದ್ದು ಏಳುತ್ತದೆ.

ಇನ್ನು ದುಡಿಯುವ ಶರೀರದ ಮಾತು. ನಮ್ಮ ದೇಹವೂ ಗುಂಡಿಯಂತೆ ಆಹಾರವನ್ನು ಕರಗಿಸಿ ಶಾಖವನ್ನು ಹುಟ್ಟಿಸುತ್ತದೆ. ಗುಂಡಿಗೆ ಆ ಶಾಖ ಉಳಿಯಬೇಕು. ದೇಹಕ್ಕೆ ಅದು ಹೊರಟುಹೋಗಬೇಕು. ಮೈಯ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲಿಯೇ ಇರತಕ್ಕದ್ದು. ಹೊರಗಿನ ಗಾಳಿಯೇ ಅಷ್ಟು ಕಾದಾಗ ಶಾಖವನ್ನು ಕಳೆಯಲು ಉಳಿಯುವ ಮುಖ್ಯ ದಾರಿ ಬೆವರು. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಬಿಸಿಲಿನಲ್ಲಿ ಸಲಿಕೆ ಹಿಡಿದು ದುಡಿಯುವವನಿಗೆ ಒಂದು ಗಂಟೆಯಲ್ಲಿ ಅಷ್ಟು ಬೆವರು ಬರಬಹುದು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ಭಾರಿ ಮರಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ಜಾತಿಯ ಮರ ತನ್ನ ದಪ್ಪ ಬೊಡ್ಡೆಯಲ್ಲಿ ನೀರನ್ನು ಕೂಡಿಟ್ಟುಕೊಂಡು, ಬರಗಾಲದಲ್ಲಿ ಎಲೆ ಉದುರಿಸಿ ನಿಂತುಬಿಡುತ್ತದೆ. ಮನುಷ್ಯನಿಗೆ ಅಂಥ ಬೊಡ್ಡೆಯಿಲ್ಲ. ಕಳೆದುಹೋದ ನೀರನ್ನು ಆಗಿಂದಾಗ ತುಂಬಿಕೊಳ್ಳಲೇಬೇಕು.

ಬಾಯಾರುವವರೆಗೆ ಕಾಯದೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನುಚ್ಚು ಮಜ್ಜಿಗೆಗಳು ಈ ಸೀಮೆಯ ಅತ್ಯುತ್ತಮ ಬೇಸಗೆಯ ಆಹಾರ. ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟಸ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕವೂ ಆದೀತು. ಉಳ್ಳಾಗಡ್ಡಿಯನ್ನು ಕಿಸೆಯಲ್ಲಿಟ್ಟುಕೊಂಡರೆ ಬಿಸಿಲು ಬಡಿಯದೆಂಬ ನಂಬಿಕೆ ಕೆಲವರಲ್ಲಿದೆ. ರೊಟ್ಟಿಯೊಡನೆ ತಿಂದರೆ ಅದು ರುಚಿ, ಕಿಸೆಯಲ್ಲಿದ್ದರೆ ಭಾರ.

ಮುಂಜಾನೆ ಬೆಳಕು ಹರಿದಾಗ ಆರಂಭಿಸಿ ಹತ್ತು ಗಂಟೆಯೊಳಗೆ ಸಲಿಕೆ ಕೆಳಗಿಡಬೇಕು. ಉಳಿದದ್ದು ಸಂಜೆ ನಾಲ್ಕೂವರೆಯ ಮೇಲೆ. ಸಡಿಲವಾದ ಹತ್ತಿಯ ಬಟ್ಟೆ, ತಲೆಗೆ ರುಮಾಲು ಅಥವಾ ಸೆರಗು ಇರಲಿ. ಶಾಲೆಯ ರಜೆಯಲ್ಲಿ ಏಕಾಏಕಿ ತೋಟಕ್ಕಿಳಿಯುವ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಎಚ್ಚರಿಕೆ: ದೇಹವು ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನವೇ ಹಳಬರ ಸಮಕ್ಕೆ ದುಡಿಯಲು ಹೋಗಬಾರದು. ಸವಣೂರಿನ ಎಲೆತೋಟಗಳಲ್ಲಿ ಬಳ್ಳಿಗೆ ಆಸರೆಯಾಗಿ ಬೆಳೆಸುವ ಚೊಗಚೆ, ನುಗ್ಗೆಯ ಮರಗಳು ನೆರಳನ್ನೂ ಕೊಡುತ್ತವೆ. ಎಳೆಯ ಬಳ್ಳಿಗೆ ಬೇಕಾದ ಆ ನೆರಳು ಕೆಲಸಗಾರನಿಗೂ ಬೇಕು.

ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನ ಮೀನಖಂಡದಲ್ಲಿ ಸೆಳೆತ ಕಾಣಿಸಿಕೊಂಡರೆ ದೇಹ ಸೋತಿದೆಯೆಂದು ಅರ್ಥ. ಕೂಡಲೆ ನೆರಳಿಗೆ ಬಂದು ಮಲಗಿ, ನೀರು ಮಜ್ಜಿಗೆ ಕುಡಿದು, ಆ ದಿನದ ಕೆಲಸವನ್ನು ಬಿಡಬೇಕು. ಮಾತು ತೊದಲಿದರೆ, ಅಸಂಬದ್ಧವಾಗಿ ಆಡಿದರೆ, ಮೈ ಬೆಂಕಿಯಂತೆ ಸುಡುತ್ತ ಎಚ್ಚರ ತಪ್ಪಿದರೆ ಅದು ಬಿಸಿಲಿನ ಆಘಾತ. ಆಗ ಮೈಯ ಉಷ್ಣತೆ 40 ಡಿಗ್ರಿಯನ್ನು ಮೀರಿರುತ್ತದೆ. ಪ್ರತಿಯೊಂದು ನಿಮಿಷವೂ ಅಮೂಲ್ಯ. ರೋಗಿಯನ್ನು ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿಯುತ್ತ ಬೀಸಣಿಗೆಯಿಂದ ಗಾಳಿ ಹಾಕಬೇಕು. 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬಾರದು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿದೀತು. ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆಂದು ಮನೆಯವರು ಸುಮ್ಮನಿದ್ದುದರಿಂದಲೇ ಜೀವ ಹೋಗುವುದುಂಟು.

ಗುಂಡಿಯ ಬಳಿ ಬೇರೆ ಅಪಾಯಗಳೂ ಇವೆ. ಬೆಚ್ಚನೆಯ ತಿಪ್ಪೆಯಲ್ಲಿ ಚೇಳು, ಹಾವು ಅಡಗಿರಬಹುದು. ಕೈ ಹಾಕುವ ಮೊದಲು ಕೋಲಿನಿಂದ ಕೆದಕಬೇಕು. ಮಣ್ಣು ಸಗಣಿಗಳಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಚಿಕ್ಕ ಗಾಯವನ್ನೂ ಸಾಬೂನಿನಿಂದ ತೊಳೆದು, ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು. ಹೊಲಸಾದ ನೆಲದಲ್ಲಿ ಬರಿಗಾಲಿನಲ್ಲಿ ತಿರುಗಿದರೆ ಕೊಕ್ಕೆಹುಳು ಪಾದದ ಚರ್ಮದ ಮೂಲಕ ಒಳಗೆ ಸೇರುತ್ತದೆ. ಒಣಗಿದ ಗೊಬ್ಬರವನ್ನು ಅಗೆಯುವಾಗ ಬೂಷ್ಟಿನ ಧೂಳು ಏಳುವುದರಿಂದ ಸ್ವಲ್ಪ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು.

ಮೇ ತಿಂಗಳ ಕೊನೆಯಲ್ಲಿ, ಒಂದೆರಡು ಅಡ್ಡಮಳೆ ಬಿದ್ದ ಮೇಲೆ, ಗುಂಡಿಯ ಮೇಲಿನ ಮಣ್ಣಿನ ಹೆಂಟೆಯನ್ನು ಒಡೆದು ನೋಡಿದರೆ ಕಸದ ಗುರುತು ಉಳಿದಿರುವುದಿಲ್ಲ. ಕಪ್ಪಗೆ, ಪುಡಿಪುಡಿಯಾಗಿ, ಹೊಸಮಳೆಯ ಮಣ್ಣಿನ ವಾಸನೆಯಿದ್ದರೆ ಗೊಬ್ಬರ ಹಣ್ಣಾಗಿದೆ. ದುರ್ಗಂಧವಿದ್ದರೆ ಇನ್ನೂ ಕೆಲವು ವಾರ ಬಿಡಬೇಕು. ಹಣ್ಣಾದ ಗೊಬ್ಬರವನ್ನು ಬಿಸಿಲಿನಲ್ಲಿ ಗುಪ್ಪೆ ಹಾಕಿ ದಿನಗಟ್ಟಲೆ ಬಿಡಬಾರದು. ಮುಂಜಾನೆ ಎಷ್ಟನ್ನು ಹರಡಿ ಮಣ್ಣಿನಲ್ಲಿ ಬೆರೆಸಲು ಸಾಧ್ಯವೋ ಅಷ್ಟನ್ನೇ ಹೊರತೆಗೆದು, ಉಳಿದುದನ್ನು ಮರುದಿನದ ಮುಂಜಾನೆಗೆ ಮುಚ್ಚಿಡಬೇಕು.