ಒಂದೇ ದಾಖಲೆ, ಎರಡು ಮೂಲ ಸರ್ವರ್: ಬರೆಯುವ ಅಧಿಕಾರ ಯಾರಿಗೆ?

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)



ಮನೆ ಕಂದಾಯ ಪಾವತಿಸಲು ಬಂದ ಗ್ರಾಮಸ್ಥರಿಗೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ದೊರೆತಾಗ, ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಎರಡು ಮೂರು ಸ್ಥಳಗಳಲ್ಲಿ ಸರ್ವರ್ ಇರಿಸಿದರೆ ಒಂದು ನಿಂತರೂ ಮತ್ತೊಂದರಿಂದ ಕೆಲಸ ನಡೆಯುವುದಿಲ್ಲವೇ? ನಡೆಯುತ್ತದೆ. ಆದರೆ ಒಂದೇ ದಾಖಲೆಯನ್ನು ಎರಡು ಕಡೆ ಬರೆಯಲು ಅವಕಾಶವಿತ್ತಾಗ, ಯಾವ ಬರಹ ನಿಲ್ಲಬೇಕು ಎಂಬ ನಿಯಮವನ್ನು ಮೊದಲೇ ಗೊತ್ತುಪಡಿಸದಿದ್ದರೆ ನಾಗರಿಕರ ಹಕ್ಕಿಗೇ ಧಕ್ಕೆ ಬರುತ್ತದೆ. ಇದನ್ನು ಮನವರಿಕೆ ಮಾಡಿಕೊಡುವುದೇ ಈ ಪಾಠದ ಉದ್ದೇಶ.

1. ಟಿ. ದಾಸರಹಳ್ಳಿಯಿಂದ ಕಲಿಯಬಹುದಾದದ್ದು

ನಮ್ಮ ಜಿಲ್ಲೆಯ ಟಿ. ದಾಸರಹಳ್ಳಿಯು ಹಿಂದೆ ಪ್ರತ್ಯೇಕ ನಗರಸಭೆಯಾಗಿತ್ತು. 2007ರಲ್ಲಿ ದಾಸರಹಳ್ಳಿ, ಯಲಹಂಕ, ಬ್ಯಾಟರಾಯನಪುರ ಸೇರಿದಂತೆ 7 ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ ಸುತ್ತಲಿನ 110 ಹಳ್ಳಿಗಳು ಹಳೆಯ ಮಹಾನಗರ ಪಾಲಿಕೆಯೊಂದಿಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಅಲ್ಲಿಯವರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ತನ್ನ ವ್ಯಾಪ್ತಿಯ ಆಸ್ತಿ ವಹಿಯನ್ನು ತಾನೇ ಬರೆಯುತ್ತಿತ್ತು.

ದಾಸರಹಳ್ಳಿಯ ವಹಿಯಲ್ಲಿ 125ನೆಯ ಸಂಖ್ಯೆಯ ಸ್ವತ್ತೊಂದು, ಯಲಹಂಕದ ವಹಿಯಲ್ಲಿಯೂ 125ನೆಯ ಸಂಖ್ಯೆಯ ಸ್ವತ್ತೊಂದು ಇದೆ ಎಂದು ಭಾವಿಸೋಣ. ವಹಿಗಳು ಬೇರೆ ಬೇರೆ ಇರುವವರೆಗೆ ತೊಡಕಿಲ್ಲ. ಎರಡನ್ನೂ ಒಂದು ಡೇಟಾಬೇಸ್‌ಗೆ ಸೇರಿಸಿದೊಡನೆ 125 ಎಂಬುದಷ್ಟೇ ಯಾರ ಸ್ವತ್ತೆಂದು ತಿಳಿಸಲಾರದು. ಸಂಸ್ಥೆಯ ಗುರುತು ಮತ್ತು ಸಂಖ್ಯೆ ಎರಡೂ ಕೂಡಿದಾಗ ಮಾತ್ರ ದಾಖಲೆ ಸ್ಪಷ್ಟವಾಗುತ್ತದೆ. ಹಲವು ಮೂಲಗಳನ್ನು ಜೋಡಿಸುವಾಗ ಪಾಲಿಸಬೇಕಾದ ಮೊದಲ ನಿಯಮ ಇದೇ: ಜೋಡಣೆಗೆ ಮುನ್ನ ಗುರುತನ್ನು ಬೇರ್ಪಡಿಸತಕ್ಕದ್ದು.

2. ಮೂರು ಬಗೆಯ ವ್ಯವಸ್ಥೆ

ಮೊದಲನೆಯದರಲ್ಲಿ ಬರೆಯುವ ಸರ್ವರ್ ಒಂದೇ; ಉಳಿದವು ಅದರ ಪ್ರತಿಯನ್ನು ಇರಿಸಿಕೊಂಡು ಓದಲು ಮಾತ್ರ ನೀಡುತ್ತವೆ. ಇಲ್ಲಿ ಗೊಂದಲ ಅತಿ ಕಡಿಮೆ.

ಎರಡನೆಯದರಲ್ಲಿ ಸರ್ವರ್‌ಗಳು ಹಲವು, ಆದರೆ ಪ್ರತಿ ದಾಖಲೆಗೆ ಯಜಮಾನ ಒಬ್ಬನೇ. ಪಹಣಿಗಳನ್ನು ಗಣಕೀಕರಿಸಿದ ರಾಜ್ಯದ 'ಭೂಮಿ' ಯೋಜನೆಯು ಆರಂಭದಲ್ಲಿ ತಾಲ್ಲೂಕು ಕಚೇರಿಗಳ ಗಣಕ ಕೇಂದ್ರಗಳ ಮೂಲಕ ನಡೆಯಿತು. ಒಂದು ಗ್ರಾಮದ ಪಹಣಿಯನ್ನು ಅದರ ತಾಲ್ಲೂಕಿನಲ್ಲಿ ಮಾತ್ರ ತಿದ್ದಬಹುದಾಗಿದ್ದರಿಂದ ಎರಡು ತಾಲ್ಲೂಕುಗಳ ಬರಹ ಪರಸ್ಪರ ಡಿಕ್ಕಿಯಾಗುವ ಪ್ರಶ್ನೆಯೇ ಇರಲಿಲ್ಲ. ಮ್ಯುಟೇಷನ್ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇ ಮಾಡಬೇಕೆಂಬ ನಿಯಮವನ್ನೂ ಆ ತಂತ್ರಾಂಶದಲ್ಲಿಯೇ ಅಳವಡಿಸಲಾಗಿತ್ತು.

ಮೂರನೆಯದೇ ಬಹು ಮೂಲ ಸರ್ವರ್ ವ್ಯವಸ್ಥೆ. ಯಾವ ಸರ್ವರ್‌ನಲ್ಲಿ ಬೇಕಾದರೂ ಯಾವ ದಾಖಲೆಯನ್ನಾದರೂ ಬರೆಯಬಹುದು. ಬರೆದದ್ದು ಉಳಿದವುಗಳಿಗೂ ತಲುಪುತ್ತದೆ. ಹೀಗೆ ಪ್ರತಿ ತಲುಪಿಸುವ ಕ್ರಿಯೆಗೆ ರೆಪ್ಲಿಕೇಷನ್ ಎನ್ನುತ್ತಾರೆ.

3. ಜೋಡಣೆಯ ಹಂತಗಳು

ಮೈಎಸ್‌ಕ್ಯೂಎಲ್‌ನಂತಹ ಡೇಟಾಬೇಸ್‌ನಲ್ಲಿ ಎರಡು ಮೂಲ ಸರ್ವರ್‌ಗಳನ್ನು ಜೋಡಿಸುವ ಕ್ರಮ ಸ್ಥೂಲವಾಗಿ ಹೀಗಿದೆ.

ಅ) ಪ್ರತಿ ಸರ್ವರ್‌ಗೂ ಬೇರೆ ಬೇರೆ ಗುರುತು ಸಂಖ್ಯೆ ನೀಡಬೇಕು. ತಾನು ಕಳುಹಿಸಿದ ಬದಲಾವಣೆ ಸುತ್ತಿ ತನ್ನಲ್ಲಿಗೇ ಮರಳಿದರೆ ಅದನ್ನು ಗುರುತಿಸಿ ಬಿಡಲು ಇದು ಅಗತ್ಯ.

ಆ) ಪ್ರತಿ ಸರ್ವರ್‌ನಲ್ಲಿಯೂ ಬದಲಾವಣೆಗಳ ದಿನವಹಿಯಾದ ಬೈನರಿ ಲಾಗ್ ಚಾಲನೆಯಲ್ಲಿರಬೇಕು. ಮತ್ತೊಂದು ಸರ್ವರ್ ಈ ದಿನವಹಿಯನ್ನು ಓದಿ ತನ್ನಲ್ಲಿ ಜಾರಿಗೊಳಿಸುತ್ತದೆ.

ಇ) ಆರಂಭದ ದಿನ ಎರಡರಲ್ಲಿಯೂ ಒಂದೇ ದತ್ತಾಂಶವಿರಬೇಕು. ಬಳಿಕ ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೊದಲನೆಯದನ್ನೂ ಹಿಂಬಾಲಿಸುವಂತೆ ಹೊಂದಿಸಬೇಕು.

ಈ) ಹೊಸ ದಾಖಲೆಗಳ ಸಂಖ್ಯೆಯನ್ನು ಹಂಚಬೇಕು. ಒಂದು ಸರ್ವರ್ 1, 3, 5 ಎಂದು ಬೆಸ ಸಂಖ್ಯೆಗಳನ್ನೂ, ಇನ್ನೊಂದು 2, 4, 6 ಎಂದು ಸಮ ಸಂಖ್ಯೆಗಳನ್ನೂ ನೀಡಿದರೆ ಒಂದೇ ಸಂಖ್ಯೆಯ ಎರಡು ರಸೀದಿ ಹುಟ್ಟುವುದಿಲ್ಲ.

ಉ) ಸರ್ವರ್‌ಗಳ ಗಡಿಯಾರ ಒಂದೇ ಆಗಿರಬೇಕು. ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳೊಂದಿಗೆ ಗಡಿಯಾರ ಹೊಂದಿಸಬೇಕೆಂದು ಸರ್ಟ್-ಇನ್ ಸಂಸ್ಥೆಯು 28 ಏಪ್ರಿಲ್ 2022ರ ನಿರ್ದೇಶನದಲ್ಲಿ ತಿಳಿಸಿದೆ.

4. ಅಪಾಯ ಎಲ್ಲಿದೆ?

ಬೆಸ-ಸಮ ಹಂಚಿಕೆಯು ಹೊಸ ದಾಖಲೆಗಳನ್ನು ಮಾತ್ರ ಕಾಯುತ್ತದೆ. ಈಗಾಗಲೇ ಇರುವ ದಾಖಲೆಯ ತಿದ್ದುಪಡಿಯನ್ನು ಕಾಯುವುದಿಲ್ಲ. ಒಂದು ಮನೆಯ ಕಂದಾಯ ಬಾಕಿ 2,400 ರೂ. ಇದೆ ಎನ್ನೋಣ. ಎರಡು ಸರ್ವರ್‌ಗಳ ನಡುವಣ ಸಂಪರ್ಕ ಕಡಿದಿರುವಾಗ ಅಣ್ಣನು ಒಂದು ಕೌಂಟರಿನಲ್ಲಿ 1,000 ರೂ., ತಮ್ಮನು ಮತ್ತೊಂದು ಕೌಂಟರಿನಲ್ಲಿ 800 ರೂ. ಕಟ್ಟುತ್ತಾರೆ. ಮೊದಲನೆಯ ಸರ್ವರ್ ಬಾಕಿಯನ್ನು 1,400 ಎಂದೂ, ಎರಡನೆಯದು 1,600 ಎಂದೂ ಬರೆಯುತ್ತದೆ. ಸಂಪರ್ಕ ಮರಳಿದ ಮೇಲೆ 'ಕೊನೆಯ ಬರಹವೇ ನಿಲ್ಲಲಿ' ಎಂಬ ನಿಯಮವಿದ್ದರೆ ಇವೆರಡರಲ್ಲಿ ಒಂದು ಉಳಿಯುತ್ತದೆ. ನಿಜವಾದ ಬಾಕಿ 600 ರೂ.; ಅದು ಎಲ್ಲಿಯೂ ಇರುವುದಿಲ್ಲ.

ಪರಿಹಾರ ಸರಳವಾಗಿದೆ. ಬಾಕಿಯನ್ನು ಅಳಿಸಿ ಬರೆಯಬಾರದು; ಪ್ರತಿ ಪಾವತಿಯನ್ನೂ ಹೊಸ ರಸೀದಿಯಾಗಿ ಸೇರಿಸಿ, ಬಾಕಿಯನ್ನು ಲೆಕ್ಕ ಹಾಕಿ ತೋರಿಸಬೇಕು.

ಖಾತೆ ಬದಲಾವಣೆಗೆ ಈ ಉಪಾಯ ಸಾಲದು. ಒಂದು ಕಡೆ ಸ್ವತ್ತನ್ನು ಖರೀದಿದಾರರ ಹೆಸರಿಗೆ ಬದಲಿಸುತ್ತಿರುವಾಗಲೇ ಇನ್ನೊಂದು ಕಡೆ ಸಹೋದರಿಯ ತಕರಾರು ದಾಖಲಾದರೆ, ಒಂದು ಬರಹ ಮತ್ತೊಂದನ್ನು ಸದ್ದಿಲ್ಲದೆ ಅಳಿಸಬಹುದು. ನಮೂನೆ 9 ಮತ್ತು 11ರಂತಹ ಸ್ವತ್ತಿನ ದಾಖಲೆಗಳ ವಿಷಯದಲ್ಲಿ ಇದು ಒಂದು ಕುಟುಂಬದ ನಿವೇಶನವನ್ನೇ ಕಳೆಯುವ ತಪ್ಪು.

ಇದಕ್ಕಾಗಿ ಗಲೇರಾ, ಮೈಎಸ್‌ಕ್ಯೂಎಲ್ ಗ್ರೂಪ್ ರೆಪ್ಲಿಕೇಷನ್ ಮುಂತಾದ ವ್ಯವಸ್ಥೆಗಳಲ್ಲಿ ಬಹುಮತದ ನಿಯಮವಿದೆ. ಒಂದೇ ದಾಖಲೆಗೆ ಎರಡು ತಿದ್ದುಪಡಿ ಬಂದರೆ ಸರದಿಯಲ್ಲಿ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ತಿರಸ್ಕೃತವಾಗುತ್ತದೆ. ಸಂಪರ್ಕ ಕಡಿದಾಗ ಬಹುಮತವಿರುವ ಗುಂಪು ಮಾತ್ರ ಬರೆಯುತ್ತದೆ. ಎರಡೇ ಸರ್ವರ್ ಇದ್ದು ಅವು ಬೇರ್ಪಟ್ಟರೆ ಯಾರಿಗೂ ಬಹುಮತವಿರುವುದಿಲ್ಲ. ಆದ್ದರಿಂದ ಕನಿಷ್ಠ ಮೂರು ಬೇಕು. ನಮ್ಮ ಸಭೆಗಳ ಕೋರಂ ನಿಯಮದಂತೆಯೇ ಇದನ್ನು ತಿಳಿಯಬಹುದು.

ಸಂಪರ್ಕ ಕಡಿದ ಸಮಯದಲ್ಲಿ ಎಲ್ಲ ಸರ್ವರ್‌ಗಳೂ ಸೇವೆ ನೀಡುವುದು ಮತ್ತು ಎಲ್ಲೆಡೆ ಒಂದೇ ಉತ್ತರ ದೊರೆಯುವುದು, ಇವೆರಡೂ ಒಟ್ಟಿಗೆ ಸಾಧ್ಯವಿಲ್ಲ. 2000ದಲ್ಲಿ ಎರಿಕ್ ಬ್ರೂವರ್ ಮುಂದಿಟ್ಟ ಈ ವಿಚಾರವನ್ನು 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಗಣಿತದ ಮೂಲಕ ಸಾಧಿಸಿ ತೋರಿಸಿದರು. ಹೆಚ್ಚು ಹಣ ವ್ಯಯಿಸಿದರೂ ಈ ಮಿತಿ ತಪ್ಪದು. ಕಂದಾಯದ ರಸೀದಿಗೆ ಸೇವೆ ಮುಖ್ಯ. ಸ್ವತ್ತಿನ ಹಕ್ಕಿಗೆ ಒಂದೇ ಉತ್ತರ ಮುಖ್ಯ.

5. ಪ್ರತಿ ಇದ್ದ ಮಾತ್ರಕ್ಕೆ ಬ್ಯಾಕಪ್ ಆಗದು

ಒಂದು ಸರ್ವರ್‌ನಲ್ಲಿ ತಪ್ಪಾಗಿ ಅಳಿಸಿದ ದಾಖಲೆಯು ಕ್ಷಣದಲ್ಲಿಯೇ ಉಳಿದ ಸರ್ವರ್‌ಗಳಲ್ಲಿಯೂ ಅಳಿಯುತ್ತದೆ. ಆದ್ದರಿಂದ ದಿನವಹಿ ಬ್ಯಾಕಪ್ ಅನ್ನು ಪ್ರತ್ಯೇಕವಾಗಿ ಇರಿಸತಕ್ಕದ್ದು ಮತ್ತು ಅದರಿಂದ ದಾಖಲೆ ಮರಳಿ ಪಡೆಯುವ ಪರೀಕ್ಷೆಯನ್ನು ಆಗಾಗ್ಗೆ ನಡೆಸತಕ್ಕದ್ದು.

6. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ಅ) ಈ ದಾಖಲೆಯನ್ನು ಹಲವು ಕಡೆ ಬರೆಯುವ ಅಗತ್ಯ ನಿಜಕ್ಕೂ ಇದೆಯೇ? ಓದಲು ಪ್ರತಿಗಳಿದ್ದರೆ ಸಾಲದೇ?
ಆ) ಎರಡು ಬರಹ ಎದುರಾದರೆ ಯಾವುದು ನಿಲ್ಲುತ್ತದೆ? ತಿರಸ್ಕೃತವಾದದ್ದು ಯಾರಿಗೆ, ಹೇಗೆ ತಿಳಿಯುತ್ತದೆ?
ಇ) ಸಂಪರ್ಕ ಕಡಿದಾಗ ಯಾವ ಸೇವೆ ನಡೆಯಬೇಕು, ಯಾವುದು ನಿಲ್ಲಬೇಕು?
ಈ) ಬ್ಯಾಕಪ್‌ನಿಂದ ದಾಖಲೆ ಮರಳಿ ಪಡೆದು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?

ಸರ್ವರ್ ಹೊಂದಿಸುವುದು ತಾಂತ್ರಿಕ ಸಿಬ್ಬಂದಿಯ ಕೆಲಸ. ಆದರೆ ಯಾವ ದಾಖಲೆಯನ್ನು ಬರೆಯುವ ಅಧಿಕಾರ ಯಾರದು ಎಂಬುದು ಆಡಳಿತದ ತೀರ್ಮಾನ. ಅದನ್ನು ಯಂತ್ರಕ್ಕೆ ಬಿಡದೆ, ನಿಯಮವನ್ನು ಲಿಖಿತವಾಗಿ ಕೇಳಿ ಪಡೆದು ನಡವಳಿ ಪುಸ್ತಕದಲ್ಲಿ ದಾಖಲಿಸುವುದು ಸದಸ್ಯರ ಹೊಣೆಯೆಂದು ತಿಳಿಯತಕ್ಕದ್ದು.